ಗುಳಗಿ ಮುಟ್ಟದ ಹುಚ್ಚೀರಪ್ಪ

ಡಾಕ್ಟರು ಹೇಳಿದ ಒಂದೇ ಮಾತನ್ನು ಹುಚ್ಚೀರಪ್ಪ ಅಕ್ಷರಶಃ ಪಾಲಿಸಿದ. ಎಡವಟ್ಟಾದದ್ದೇ ಅಲ್ಲಿ.

"ನಿಮ್ಮ ಕಿಡ್ನಿ ಸ್ವಲ್ಪ ದಣದಾವ. ನಾಳಿ ಸ್ಕ್ಯಾನಿಂಗ್‌ನಾಗ ಒಳಗಿಂದೆಲ್ಲ ಚೊಕ್ಕ ಕಾಣಲಿ ಅಂತ ಕಾಂಟ್ರಾಸ್ಟ್ ಔಷಧಿ ಚುಚ್ಚತೀವಿ. ಅದರ ಜೋಡಿ ನೋವಿನ ಗುಳಗಿ ಸೇರಿದ್ರ ಕಿಡ್ನಿಗೆ ಪೆಟ್ಟು. ಒಂದೂ ಮುಟ್ಟಬ್ಯಾಡ್ರಿ. ನೀರು, ಮಜ್ಜಿಗಿ ಛಲೋತ್ನಾಗ ಕುಡೀರಿ" ಎಂದಿದ್ದರು ಅವರು.

ತಿಂಗಳಿಂದ ಪಕ್ಕೆ ನೋವು. ಗಿಣಿಗೇರಾದ ಕಾರ್ಖಾನೆಯಲ್ಲಿ ಕಾಡಿ ಬೇಡಿ ಪಡೆದದ್ದು ಒಂದೇ ದಿನದ ರಜೆ. ಸ್ಕ್ಯಾನಿಂಗ್ ದಿನ ಬೆಳಿಗ್ಗೆ ಅವನು ಸುತ್ತಿಟ್ಟ ಚಾಪೆಯ ಹಾಗೆ ಮುದುಡಿ ನರಳುತ್ತಿದ್ದಾಗ ಹೆಂಡತಿ ದ್ರಾಕ್ಷಾಯಿಣಿ ಗುಳಗಿ ತಂದಳು.

"ನನ್ನ ಕಿಡ್ನಿ ಮ್ಯಾಲ ನಿನಗೇನ ಸಿಟ್ಟು? ಒಯ್ಯಿ ಅತ್ತಾಗ!"

ಅವಳು ಒಳಗೆ ಹೋಗಿ ದೊಡ್ಡ ಲೋಟದ ತುಂಬ ಮಜ್ಜಿಗೆ ತಂದಳು. ಗಟಗಟ ಕುಡಿದ.

ಲೋಟ ತೊಳೆಯುವಷ್ಟರಲ್ಲಿ ಓಣಿಗೆಲ್ಲ ಸುದ್ದಿ. ಎದುರು ಮನೆಯ ಸುಂಕಲಮ್ಮ ಸೆರಗಿನ ಗಂಟಿನಿಂದ ಗುಳಗಿ ಬಿಚ್ಚಿದಳು. "ಬ್ಯಾಡಬೇ ಯವ್ವಾ!" ಅಂದ. ಅವಳು ಹೋಗಿ ಅಂಬಲಿ ತಂದಳು. ಪಕ್ಕದ ಮನೆಯ ರಜಿಯಾಬೇಗಂ ಗುಳಗಿಯ ಇಡೀ ಪಟ್ಟಿಯನ್ನೇ ಹಿಡಿದು ಬಂದಳು. ಅದಕ್ಕೂ ಕೈಮುಗಿದ. ಆಕೆ ನಿಂಬೆ ಶರಬತ್ತು ತಂದಳು. ಕುಡಿದದ್ದೇ ಕುಡಿದದ್ದು, ಪಾಯಖಾನೆಗೆ ಓಡಿದ್ದೇ ಓಡಿದ್ದು.

ಹತ್ತು ಗಂಟೆಗೆ ಪವಾಡ! ನೋವು ಮಾಯ. ಹುಚ್ಚೀರಪ್ಪ ಕಟ್ಟೆಯ ಮೇಲೆ ಎದೆಯುಬ್ಬಿಸಿ ನಿಂತ. "ನೋಡ್ರಿ! ಡಾಕ್ಟರ್ ಮಾತು ಕೇಳಿದ್ರ ಹಿಂಗ ಆಗತೈತಿ!"

ಮೂವರು ಹೆಂಗಸರೂ ಅವನ ಜೊತೆ ಆಟೋ ಹತ್ತಿ ಕೊಪ್ಪಳದ ಆಸ್ಪತ್ರೆಗೆ ಬಂದರು.

"ನೋವು ಹೆಂಗೈತ್ರಿ?" ನರ್ಸ್ ಶ್ವೇತಾ ಕೇಳಿದಳು.

"ಪತ್ತಾನ ಇಲ್ರೀ!"

ಬರೆಯುತ್ತಿದ್ದ ಪೆನ್ನು ನಿಂತಿತು. "ಗುಳಗಿ ತಗೊಂಡೀರೇನು?"

"ಮೂರ ಮಂದಿ ಕೊಡಾಕ ಬಂದ್ರೂ ಮುಟ್ಟಿಲ್ರಿ! ಬೇಕಾರ ಇವರನ್ನ ಕೇಳ್ರಿ!"

ಮೂವರೂ ತಲೆಯೆತ್ತಿ ಫ್ಯಾನು ನೋಡತೊಡಗಿದರು.

"ಒಂದ... ಅರದು ಮಜ್ಜಿಗ್ಯಾಗ ಹಾಕಿದ್ನಿರಿ" ಎಂದಳು ದ್ರಾಕ್ಷಾಯಿಣಿ ಮೆಲ್ಲಗೆ. "ನೀವು ನರಳೂದು ನೋಡಾಕ ಆಗಲಿಲ್ಲ."

ಸುಂಕಲಮ್ಮ ಬಾಯಿಗೆ ಸೆರಗಿಟ್ಟಳು. "ಹಂಗಾರ ಅಂಬಲ್ಯಾಗಿಂದು ಎರಡನೇದು ಆತಲ್ಲವಾ!"

"ಯಾ ಅಲ್ಲಾ! ನಂದು ಶರಬತ್ತಿನ್ಯಾಗ!"

ಶ್ವೇತಾ ಫೈಲು ಮುಚ್ಚಿದಳು. "ಇವತ್ತ ಸ್ಕ್ಯಾನಿಂಗ್ ಇಲ್ಲ. ನೀರು ಕುಡೀರಿ, ಗುಳಗಿ ಬಿಡ್ರಿ, ಎರಡ ದಿನ ಬಿಟ್ಟು ರಕ್ತ ಪರೀಕ್ಷಾ ಮಾಡಿ ನೋಡೂಣು."

"ನನಗ ರಜಾ ಇವತ್ತೊಂದ ದಿನಾರೀ!"

"ಕಿಡ್ನಿ ಎರಡೂ ಬೇಕಲ್ರಿ ಯಜಮಾನ್ರ."

ಮರಳಿ ಬರುವಾಗ ಆಟೋ ತಗ್ಗಿನಲ್ಲಿ ಕುಣಿಯಿತು. ಗುಳಗಿಗಳ ಅಮಲು ಇಳಿದು ಪಕ್ಕೆಯ ನೋವು ಕೊಟ್ಟ ಸಾಲ ಬಿಡದ ನೆಂಟನಂತೆ ಬಂದು ಕುಳಿತಿತು. ಹುಚ್ಚೀರಪ್ಪನ ಕಣ್ಣಲ್ಲಿ ನೀರು.

"ಸಾಯ್ತೀನಿ... ಯಾರರ ಒಂದ ಗುಳಗಿ ಕೊಡ್ರೇ!"

ಮೂವರೂ ಒಂದೇ ಉಸಿರಿಗೆ ಕೂಗಿದರು: "ಡಾಕ್ಟರ್ ಬ್ಯಾಡಂದಾರ!"

ಮೂರು ನೀರಿನ ಬಾಟಲಿಗಳು ಒಟ್ಟಿಗೇ ಅವನ ಮೂಗಿನ ಮುಂದೆ ಬಂದವು.