ಅನುಮತಿ ಕೊಡುವವನ ಅರ್ಜಿ

ನಮ್ಮ ಟಿವಿ ಚಾನೆಲ್ಲಿನಲ್ಲಿ ಯಾರಿಗೆ ಯಾವ ಅನುಮತಿ ಎಂದು ನೋಡಿಕೊಳ್ಳುವವನು ನಾನು. ನಗು ಬರುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಗುವವರು ಮಾತ್ರ ಯಾವಾಗಲೂ ಬೇರೆಯವರು.

ಹೂಡಿಯ ಕಚೇರಿಗೆ ಹೊಸ ವ್ಯವಸ್ಥೆ ತಂದವನೂ ನಾನೇ. ಸ್ಟುಡಿಯೋ ಬಾಗಿಲಿನಿಂದ ಹಿಡಿದು ವಾರ್ತೆ ಪ್ರಸಾರದವರೆಗೆ ಒಬ್ಬರಿಗೆ ಒಂದೇ ಲಾಗಿನ್. ಯಾರು ಏನು ಮುಟ್ಟಬಹುದು ಎಂಬುದು ಒಂದೇ ಕಡೆ ತೀರ್ಮಾನ. ಹುಬ್ಬಳ್ಳಿ ಕಡೆಯವರಾದ ನಮ್ಮ ಮುಖ್ಯ ಎಂಜಿನಿಯರ್ ಸಾಹೇಬರು ಒಪ್ಪಿದರು. ಒಪ್ಪುತ್ತಲೇ ಹೇಳಿದರು: "ಇದರಿಂದ ಒಂದು ಬುಲೆಟಿನ್ ನಿಂತರೂ ನಿಮ್ಮನ್ನ ಪೀಣ್ಯದ ಗೋಡೌನಿಗೆ ಹಾಕ್ತೀನಿ ನೋಡ್ರಿ."

ನನ್ನ ಮನೆ ಮಹದೇವಪುರದಲ್ಲಿ. ಅಲ್ಲಿಂದ ಊರಿನ ಇನ್ನೊಂದು ತುದಿಯ ಪೀಣ್ಯಕ್ಕೆ ದಿನಾ ಹೋಗಿ ಬರುವವನು ಹೆಂಡತಿ ಮಕ್ಕಳ ಮುಖವನ್ನು ಭಾನುವಾರವೇ ನೋಡಬೇಕು. ನನಗೆ ನಿಜಕ್ಕೂ ಹೆದರಿಕೆಯಾಯಿತು.

೧. ಚೀಟಿ

ಮೊದಲು ಇಡೀ ಕಚೇರಿಗೆ ಒಂದೇ ಪಾಸ್‌ವರ್ಡ್. ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದರು. ಅದನ್ನು ಕಿತ್ತುಹಾಕಿ, ಎಲ್ಲರಿಗೂ ಬೇರೆ ಬೇರೆ ಕೊಟ್ಟು, ಗುಟ್ಟಿನ ಮಹತ್ವದ ಬಗ್ಗೆ ಅರ್ಧ ದಿನ ಕೊರೆದೆ. ಮರುದಿನ ಬಂದು ನೋಡಿದರೆ ಅದೇ ಮಾನಿಟರಿನ ಸುತ್ತ ಹದಿನೆಂಟು ಚೀಟಿ.

"ಏನ್ರೀ ಇದು?" ಎಂದು ಕೂಗಾಡಿದೆ.

ಗ್ರಾಫಿಕ್ಸ್ ಮಾಡುವವನು ಸಮಾಧಾನವಾಗಿ ಹೇಳಿದ: "ಒಬ್ಬೊಬ್ರಿಗೆ ಒಂದೊಂದು ಅಂತ ನೀವೇ ಹೇಳಿದ್ದಲ್ವಾ ಸಾರ್? ಹೆಸರೂ ಬರ್ದಿದೀವಿ, ಕನ್‌ಫ್ಯೂಸ್ ಆಗಬಾರ್ದು ಅಂತ."

೨. ರಾಹುಕಾಲ

ಬೆಳಗ್ಗೆ ಭವಿಷ್ಯ ಹೇಳುವ ಜ್ಯೋತಿಷಿಗಳು ಪಾಸ್‌ವರ್ಡ್ ಬದಲಿಸಲು ಮುಹೂರ್ತ ಹುಡುಕುತ್ತ ಕೂತರು. ಗಡುವು ಮೀರಿ ಅವರ ಖಾತೆ ಲಾಕ್ ಆಯಿತು.

ನಾನು ಸ್ವಲ್ಪ ಕುಟುಕಿದೆ: "ನಾಡಿನ ಭವಿಷ್ಯ ಹೇಳ್ತೀರಿ, ಲಾಕ್ ಆಗತ್ತೆ ಅಂತ ಗೊತ್ತಾಗ್ಲಿಲ್ವಾ ಸ್ವಾಮಿ?"

"ಗೊತ್ತಿತ್ತು," ಎಂದರು. "ತೆಗೆಯೋಕೆ ನೀವು ಓಡಿ ಬರ್ತೀರಿ ಅಂತಲೂ ಗೊತ್ತಿತ್ತು."

೩. ಕಾಲು ಗಂಟೆ

ಕ್ಯಾಂಟೀನಿನ ಅಕ್ಕ ಹೂಡಿಯ ಮೂಲದವರು. ನಮ್ಮ ಕಟ್ಟಡ ನಿಂತಿರುವುದು ಅವರ ತಾತ ರಾಗಿ ಬೆಳೆದ ಜಾಗದಲ್ಲಿ. ತಿಂಡಿಯ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವುದರಿಂದ ಅವರಿಗೂ ಒಂದು ಲಾಗಿನ್ ಇತ್ತು. ಆದರೆ ಸ್ಟುಡಿಯೋ ಬಾಗಿಲು ತೆರೆಯುತ್ತಿರಲಿಲ್ಲ.

"ಅರ್ಜಿ ಬರ್ಕೊಡಿ ಅಕ್ಕ, ಕಾರಣ ಹಾಕಿ," ಎಂದೆ. ಅವರು "ಕಾಫಿ" ಎಂದು ಬರೆದರು. ಇಷ್ಟು ಸಾಲದು, ವಿವರ ಬೇಕು ಎಂದೆ. "ಬಿಸಿ ಕಾಫಿ" ಎಂದು ಬರೆದರು. ಕೊನೆಗೆ ದೊಡ್ಡ ಮನಸ್ಸು ಮಾಡಿ ಕಾಲು ಗಂಟೆಯ ಅನುಮತಿ ಕೊಟ್ಟೆ.

"ಲೋಟ ವಾಪಸ್ ತರಾದು?"

"ಅದಕ್ಕೆ ಬೇರೆ ಅರ್ಜಿ."

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವತ್ತಿನಿಂದ ನನ್ನ ಕಾಫಿಗೆ ಸಕ್ಕರೆ ಬೀಳಲಿಲ್ಲ.

೪. ಹಸಿರು ಗುಂಡಿ

ದೊಡ್ಡ ಅನುಮತಿಗಳಿಗೆ ಸಾಹೇಬರೇ ಮೊಬೈಲಿನಲ್ಲಿ ಒಪ್ಪಿಗೆ ಕೊಡಬೇಕು. ಒಪ್ಪಿದರೆ ಹಸಿರು ಗುಂಡಿ, ಇಲ್ಲದಿದ್ದರೆ ಕೆಂಪು. ಒಂದು ಬೆಳಗ್ಗೆ ಅವರು ಪೂಜೆಗೆ ಕೂತಿದ್ದಾಗ ಮೊಬೈಲು ಊರಿಂದ ಬಂದಿದ್ದ ತಾಯಿಯ ಕೈಯಲ್ಲಿತ್ತು. ಪೂಜೆ ಮುಗಿಯುವಷ್ಟರಲ್ಲಿ ಆ ತಾಯಿ ಬಂದ ಅರ್ಜಿಗಳಿಗೆಲ್ಲ ಹಸಿರು ಒತ್ತಿಬಿಟ್ಟಿದ್ದರು.

"ಯವ್ವಾ, ಯಾರು ಏನು ಕೇಳ್ಯಾರ ಅಂತ ನೋಡಬೇಕಿಲ್ಲೇನು?" ಎಂದು ಸಾಹೇಬರು ತಲೆ ಚಚ್ಚಿಕೊಂಡರಂತೆ.

"ಪಾಪ, ಮುಂಜಾನೆದ್ದು ಕೇಳಾಕತ್ತಾರ. ಪೂಜಿ ಹೊತ್ತಿನ್ಯಾಗ ಇಲ್ಲ ಅನಬಾರದಪಾ. ಒಬ್ಬಾಂವ ಎರಡು ಸಲ ಕೇಳಿದ್ದ, ಎರಡು ಸಲ ಕೊಟ್ಟೀನಿ."

೫. ಮಧ್ಯಾಹ್ನದ ವಾರ್ತೆ

ಆ ಬೆಳಗಿನ ಒಪ್ಪಿಗೆಗಳನ್ನೆಲ್ಲ ರದ್ದು ಮಾಡಲು ನನಗೆ ಹೇಳಿ, ಸಾಹೇಬರು ತಾಯಿಯನ್ನು ಊರಿಗೆ ಬಿಡಲು ವಿಮಾನ ಹತ್ತಿದರು. ಒಂದೊಂದಾಗಿ ಹುಡುಕುವ ಬದಲು ತಾಂತ್ರಿಕ ವಿಭಾಗದ ಇಡೀ ಪಟ್ಟಿಯನ್ನೇ ಒಂದೇ ಏಟಿಗೆ ಅಳಿಸಿದೆ. ಕ್ಯಾಂಟೀನ್ ಪಟ್ಟಿಯನ್ನು ತೆರೆದೂ ನೋಡಲಿಲ್ಲ. ಇಡ್ಲಿ ಲೆಕ್ಕ ಬರೆಯುವವರು ಏನು ಕೇಳಿಯಾರು?

ನನ್ನ ಕಂಪ್ಯೂಟರಿನ ಪರದೆ ಕಪ್ಪಾಯಿತು. ಅಳಿಸಿದ ಪಟ್ಟಿಯ ಏಳನೇ ಹೆಸರು ನನ್ನದೇ.

ಮಧ್ಯಾಹ್ನ ಒಂದರ ವಾರ್ತೆಗೆ ಇನ್ನು ಹತ್ತು ನಿಮಿಷ. ಪ್ರಸಾರ ಮಾಡಲು ಯಾರಿಗೂ ಅನುಮತಿಯಿಲ್ಲ. ಸಾಹೇಬರ ಮೊಬೈಲು ಆಫ್. ಪೀಣ್ಯ ಕಣ್ಣ ಮುಂದೆ ಬಂದು ನಿಂತಿತು.

ಕಾಫಿ ತಂದ ಅಕ್ಕ ಕೇಳಿದರು: "ಯಾಕ್ ಸಾರ್, ಇಂಗೆ ಬೆವ್ತೋಗಿದೀರಾ?" ವಿಷಯ ಹೇಳಿದೆ.

"ನನ್ನ ಲಾಗಿನ್‌ನಾಗೆ ಏನೇನೋ ಬಂದೈತೆ, ನೋಡಿ. ದಿನಾ ಅರ್ಜಿ ಯಾರ್ ಬರೀತಾರೆ ಅಂತ 'ಎಲ್ಲಾ ಬೇಕು' ಅಂತ ಒತ್ತಿದ್ದೆ. ಕೊಟ್ಬುಟ್ಟವ್ರೆ."

ಇಡೀ ಚಾನೆಲ್ಲಿಗೆ ಪೂರ್ತಿ ಅಧಿಕಾರವಿದ್ದವರು ಆಗ ಅಕ್ಕ ಒಬ್ಬರೇ. "ಅಕ್ಕಾ, ನನಗೆ ಬೇಗ ಅನುಮತಿ ಕೊಡಿ!" ಎಂದು ಕೈ ಮುಗಿದೆ.

ಅಕ್ಕ ಟ್ರೇ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. "ಅರ್ಜಿ ಬರ್ಕೊಡಿ ಸಾರ್. ಕಾರಣ ಹಾಕಿ."

"ತಾಂತ್ರಿಕ ತೊಂದರೆ" ಎಂದು ಬರೆದೆ.

"ಇಷ್ಟು ಸಾಲ್ದು. ವಿವರ ಬೇಕು."

"ನನ್ನನ್ನು ನಾನೇ ಅಳಿಸಿಕೊಂಡೆ" ಎಂದು ಬರೆದೆ. ಅಕ್ಕ ಅದನ್ನು ಅಲ್ಲಿದ್ದವರಿಗೆಲ್ಲ ಕೇಳುವಂತೆ ಓದಿ, ನಾನು ತೋರಿಸಿದ ಕಡೆ ಒತ್ತಿದರು. ಸರಿಯಾಗಿ ಒಂದು ಗಂಟೆಗೆ ವಾರ್ತೆ ಶುರುವಾಯಿತು. ನನಗೆ ಹೋದ ಜೀವ ಬಂದಂತಾಯಿತು.

"ಎಷ್ಟು ಹೊತ್ತಿನ ಅನುಮತಿ ಕೊಟ್ರಿ ಅಕ್ಕಾ?" ಎಂದೆ.

"ನೀವು ನಂಗೆ ಕೊಟ್ಟಷ್ಟೇ. ಕಾಲು ಗಂಟೆ."

"ಅಯ್ಯೋ, ವಾರ್ತೆ ಅರ್ಧ ಗಂಟೆ ಇದೆಯಲ್ಲಕ್ಕಾ!"

ಅಕ್ಕ ಟ್ರೇ ಎತ್ತಿಕೊಂಡು ಹೊರಟರು. "ಅದಕ್ಕೆ ಬೇರೆ ಅರ್ಜಿ."