ದಾಂಡೇಲಿಯ ಕೈ, ಹಳಿಯಾಳದ ಕಾಲು

ತನಗೊಂದು ಸೊಂಟವಿದೆ ಎಂಬುದು ಮನುಷ್ಯನಿಗೆ ಗೊತ್ತಾಗುವುದು ಅದು ಹಿಡಿದುಕೊಂಡ ದಿನ. ನನಗೆ ಗೊತ್ತಾದದ್ದು ಗ್ಯಾಸ್ ಸಿಲಿಂಡರ್ ಎತ್ತುವಾಗ. ನಾನು ಹಳಿಯಾಳದಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು. ಭಾರ ಎತ್ತುವಾಗ ಮಂಡಿ ಬಗ್ಗಿಸಬೇಕು, ಬೆನ್ನು ಬಗ್ಗಿಸಬಾರದು ಎಂದು ಮಕ್ಕಳಿಗೆ ಚಿತ್ರ ಬರೆದು ತೋರಿಸಿದವನು. ಸಿಲಿಂಡರಿಗೆ ಇದೆಲ್ಲ ಗೊತ್ತಿರಲಿಲ್ಲ.

ನಮ್ಮ ಓಣಿಯಲ್ಲಿ ಸೊಂಟ ಹಿಡಿದವರು ದೂರ ಹೋಗಬೇಕಾಗಿಲ್ಲ. ನಮ್ಮ ಮನೆಗೇ ಬರುತ್ತಾರೆ. ನನ್ನ ಹೆಂಡತಿ ಗಿರಿಜೆ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಬೆನ್ನಿಗೆ ಮೆಲ್ಲಗೆ ಒದ್ದರೆ ಉಳುಕು ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಭಾನುವಾರ ಬೆಳಿಗ್ಗೆ ಕಬ್ಬಿನ ಗಾಡಿಯವರು, ದರ್ಜಿ, ಒಮ್ಮೆ ಬ್ಯಾಂಕಿನ ಮ್ಯಾನೇಜರರೂ, ಪಡಸಾಲೆಯ ಚಾಪೆಯ ಮೇಲೆ ಬೋರಲು ಮಲಗಿದ್ದಾರೆ. ನಾನು ಪಕ್ಕದಲ್ಲಿ ಪೇಪರ್ ಓದುತ್ತ, ಇದು ಕಾಲಿನ ಗುಣವಲ್ಲ, ನಂಬಿಕೆಯ ಗುಣ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೆ. ಅವರು ಹೌದ್ರೀ ಎಂದು ಒಪ್ಪಿಕೊಂಡು, ನೆಟ್ಟಗೆ ನಡೆದು ಹೋಗುತ್ತಿದ್ದರು.

ಆದರೆ ಗಂಡನ ಮೈಗೆ ಹೆಂಡತಿ ಕಾಲು ತಾಗಿಸುವಂತಿಲ್ಲವಲ್ಲ. ಓಣಿಗೆಲ್ಲ ಸಿಗುವ ಔಷಧಿ ನನಗೊಬ್ಬನಿಗೆ ವರ್ಜ್ಯ. ಹಾಗಾಗಿ ನಾನು ಬಸ್ಸು ಹತ್ತಿ, ಕೈಯಿಂದಲೇ ಬೆನ್ನೆಲುಬು ಸರಿಮಾಡುವ ದಾಂಡೇಲಿಯ ಕೈರೋಪ್ರಾಕ್ಟಿಕ್ ಡಾಕ್ಟರರಲ್ಲಿಗೆ ಹೋದೆ. ಅವರು ಪ್ಲಾಸ್ಟಿಕ್ಕಿನ ಬೆನ್ನೆಲುಬು ತೋರಿಸಿ, ನನ್ನದು ಎಲ್ಲಿ ಜರುಗಿದೆ ಎಂದು ವಿವರಿಸಿ, ಮಗ್ಗುಲಾಗಿ ಮಲಗಿಸಿ ಒಮ್ಮೆ ತಿರುಚಿದರು. ಲಟಕ್ ಎಂದಿತು. ಆ ಸದ್ದು ಕೀಲಿನ ದ್ರವದೊಳಗಿನ ಗಾಳಿಗುಳ್ಳೆಯದು, ಯಾವ ಎಲುಬೂ ಎಲ್ಲಿಗೂ ವಾಪಸು ಹೋಗಿರುವುದಿಲ್ಲ ಎಂದು ನಾನು ಓದಿದ್ದೆ. ಕೆಲವರಿಗೆ ನೋವು ಕಡಿಮೆಯಾಗುವುದು ನಿಜ. ಅದರಲ್ಲಿ ಕೈಯ ಪಾಲೆಷ್ಟು, ನಂಬಿಕೆಯ ಪಾಲೆಷ್ಟು, ಸುಮ್ಮನೆ ದಿನ ಕಳೆದದ್ದರ ಪಾಲೆಷ್ಟು ಎಂಬ ಜಗಳ ಮುಗಿದಿಲ್ಲ ಎಂದೂ ಓದಿದ್ದೆ. ಇಷ್ಟೆಲ್ಲ ಓದಿಯೂ, ಸದ್ದು ಬಂದಾಗ ಹಾಯೆನಿಸಿತು. ಬರದಿದ್ದರೆ ಇನ್ನೊಮ್ಮೆ ತಿರುಚಿ ಎನ್ನುತ್ತಿದ್ದೆನೋ ಏನೋ.

ಮನೆಗೆ ಬಂದು ಅಂಗಳದಲ್ಲಿ ನೆಟ್ಟಗೆ ಅಡ್ಡಾಡಿ ತೋರಿಸಿದೆ. ರೊಟ್ಟಿ ಬಡಿಯುತ್ತಿದ್ದ ಗಿರಿಜೆ ತಲೆ ಎತ್ತದೆ ಕೇಳಿದಳು: "ಆ ಡಾಕ್ಟರ್ ಹೆಂಗ ಹುಟ್ಟ್ಯಾರಂತ್ರಿ? ತಲಿ ಮುಂದನೋ, ಕಾಲು ಮುಂದನೋ?"

ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ಇರಲಿಕ್ಕಿಲ್ಲ ಬಿಡ್ರಿ ಎಂದಳು.

ಮರುವಾರ ಮುಂಡಗೋಡದಿಂದ ನಮ್ಮ ಅತ್ತೆ, ಗಿರಿಜೆಯ ತಾಯಿ, ಬಂದರು. ಭಾನುವಾರ ಒಳಗೆ ಗಿರಿಜೆ ಯಾರದೋ ಬೆನ್ನಿಗೆ ಕಾಲಿಡುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು: "ಕಾಲು ಮುಂದ ಮಾಡಿ ಹುಟ್ಟಿದಾಕಿ ಇಕಿ ಅಲ್ರಿ, ಹಿರಿಯಾಕಿ. ಆಕಿ ಮದಿವಿ ಆಗಿ ರಾಮನಗರಕ್ಕ ಹೋದ್ಲು, ಮಂದಿ ಇಕಿ ಅಂತ ತಿಳಕೊಂಡ್ರು. ಇಬ್ಬರಿಗೂ ಗೊತ್ತಿಲ್ಲ. ಗುಣ ಆಗಾಕತ್ತೈತಿ, ನಾ ಯಾಕ ಬಾಯಿ ಹಾಕ್ಲಿ?"

ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಇಷ್ಟು ವರ್ಷ ವಾದ ಮಾಡಿ ಗೆಲ್ಲಲಾಗದ್ದು ಶೇಂಗಾ ಸಿಪ್ಪೆಯ ಜೊತೆ ಉಚಿತವಾಗಿ ಸಿಕ್ಕಿತ್ತು. ಮುಂದಿನ ಭಾನುವಾರ ಜನ ಕೂಡಿದಾಗ ಹೇಳೋಣ ಎಂದು ಇಟ್ಟುಕೊಂಡೆ. ಆದರೆ ಶನಿವಾರ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಹಾಗೇ ನಿಂತುಬಿಟ್ಟೆ. ಈ ಸಲ ಬಸ್ಸು ಹತ್ತುವ ಮಾತೇ ಇಲ್ಲ. ಹೇಗೋ ಹಿಡಿದು ಚಾಪೆಯ ಮೇಲೆ ಮಲಗಿಸಿದರು. ಗಿರಿಜೆಯ ಕಣ್ಣಲ್ಲಿ ನೀರು. ಅತ್ತೆಯೇ ತೀರ್ಪು ಕೊಟ್ಟರು: ಕಾಲು ಇಡು, ಆಮೇಲೆ ಗಂಡನ ಕಾಲಿಗೆ ಬಿದ್ದು ತಪ್ಪಾಯ್ತು ಅನ್ನು, ಉಳಿದದ್ದು ಶಿವ ನೋಡಿಕೊಳ್ಳುತ್ತಾನೆ.

ಗಿರಿಜೆ ಬಾಗಿಲು ಹಾಕಿ ಬಂದಳು. ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಅವಳು ಅಲ್ಲೇ ಕಾಲು ಹಿಂದಕ್ಕೆ ತೆಗೆದು, ಮತ್ತೆ ಯಾರ ಬೆನ್ನಿಗೂ ಇಡುತ್ತಿರಲಿಲ್ಲ. ಮನೆಯಲ್ಲಿ ನನ್ನ ಪಾಠ ಕೇಳಿ ಕೇಳಿ ಬೇಸತ್ತವಳಿಗೆ ವಾರಕ್ಕೊಮ್ಮೆ ಸಿಗುವ ಮರ್ಯಾದೆ ಅದು. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅವಳು ಕಾಲಿಟ್ಟಳು. ಅಂಗಾಲು ಬೆಚ್ಚಗಿತ್ತು. ನಂಬಿದವರಿಗಷ್ಟೇ ನಂಬಿಕೆಯ ಔಷಧಿ ತಾಗಬೇಕು ಎಂಬುದು ನನ್ನ ಲೆಕ್ಕ. ನನಗಂತೂ ನಂಬಲು ಏನೂ ಉಳಿದಿರಲಿಲ್ಲ. ಆದರೂ ಎದ್ದು ನಿಂತೆ. ಸ್ನಾಯು ತಾನಾಗಿ ಸಡಿಲವಾಗಿರಬೇಕು ಎಂದು ಸಂಜೆಯವರೆಗೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಓಣಿಯಲ್ಲಿ ಮಾತ್ರ ಮಾಸ್ತರೂ ಒಪ್ಪಿಕೊಂಡರು ಎಂಬ ಸುದ್ದಿ ಹಬ್ಬಿತು. ನಾನು ಅಲ್ಲಗಳೆಯಲಿಲ್ಲ.

ಹೋದ ತಿಂಗಳು ಗಿರಿಜೆಯ ಅಕ್ಕ ನಮ್ಮ ಜಿಲ್ಲೆಯದೇ ರಾಮನಗರದಿಂದ ಸೊಂಟ ಹಿಡಿದುಕೊಂಡು ಬಂದರು. ಅತ್ತೆಯೂ ಬಂದಿದ್ದರು. ನಿಜವಾಗಿ ಕಾಲು ಮುಂದಾಗಿ ಹುಟ್ಟಿದವರು ಬೋರಲು ಮಲಗಿದರು. ಎಲ್ಲರ ಹಾಗೆ ಹುಟ್ಟಿದವಳು ಅವರ ಬೆನ್ನಿಗೆ ಕಾಲಿಟ್ಟಳು. ಅತ್ತೆ ನನ್ನನ್ನು ನೋಡಿದರು. ನಾನು ಪೇಪರ್ ನೋಡಿದೆ. "ಹೋತು ನೋಡವಾ" ಎಂದು ಅಕ್ಕ ಎದ್ದು ಕೂತರು.

ವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು. ಅಸಲಿ ಕಾಲೂ ನಕಲಿ ಕಾಲೂ ಒಂದೇ ಪಡಸಾಲೆಯಲ್ಲಿ. ದಾಂಡೇಲಿಯ ಕೈ ಹೇಗೂ ಬಸ್ಸಿನ ದಾರಿಯಲ್ಲೇ ಇದೆ. ಒಂದೊಂದನ್ನಾಗಿ ಪರೀಕ್ಷಿಸಿದರೆ ಸತ್ಯ ಹೊರಗೆ ಬಂದೀತು. ನಾನು ಕುರ್ಚಿಯಲ್ಲಿ ಮೆಲ್ಲಗೆ ಮಗ್ಗುಲು ಬದಲಿಸಿದ್ದನ್ನು ಗಿರಿಜೆ ಗಮನಿಸಿದಳು. "ಯಾಕ್ರಿ, ಮತ್ತ ಹಿಡದೈತೇನು?" ಎಂದಳು.

ಇಲ್ಲ ಎಂದೆ. ಬೆಳಗಿನಿಂದ ಹಿಡಿದಿತ್ತು. ಅವಳ ಅಕ್ಕ ಸಂಜೆಯ ಬಸ್ಸಿಗೆ ಊರಿಗೆ ಹೋಗಲಿ, ಆಮೇಲೆ ಚಾಪೆ ಹಾಸಿಕೊಳ್ಳೋಣ ಎಂದು ಕಾಯುತ್ತಿದ್ದೆ.