ಬೀರೋಬಾನ ಮೇಲೆ ಅಧಿಕೃತ ದಾಳಿ

ಅಕ್ಕಲಕೋಟ ತಾಲೂಕಿನ ಬೇವನಸೂರ ಗ್ರಾಮದ ಬೀರೋಬಾ ದೇವರಿಗೆ ಕಳೆದ ವರ್ಷದವರೆಗೆ ಗೋಡೆಯಾಗಲಿ, ಬಾಗಿಲಾಗಲಿ, ಶತ್ರುಗಳಾಗಲಿ ಇರಲಿಲ್ಲ. ಈ ಮೂರೂ ಕೊರತೆಗಳನ್ನು ಈಗ ನಿವಾರಿಸಲಾಗಿದೆ.

ದೇವರು ಬೇವಿನ ಮರದ ಬುಡದ ಕಟ್ಟೆಯ ಮೇಲಿದ್ದ. ಕುರಿ ಸಾಕುವ ಮರೆಪ್ಪ ಪೂಜಾರಿ. ಭಕ್ತರು ಯಾವ ದಿಕ್ಕಿನಿಂದಾದರೂ ಬಂದು ಕೈಮುಗಿಯಬಹುದಿತ್ತು. ಕುರಿಗಳು ಕಟ್ಟೆಗೆ ಮೈ ತಿಕ್ಕಿಕೊಂಡು ಹೋಗುತ್ತಿದ್ದವು. ಇಂಥ ಅಶಿಸ್ತು ಸೋಲಾಪುರದ ಪವಿತ್ರಸ್ಥಳ ತಟಬಂದಿ ಮಹಾಮಂಡಳದ ಗಮನಕ್ಕೆ ಬಂತು. ದೇವರುಗಳ ಸುತ್ತ ಕೋಟೆ ಕಟ್ಟಿಸುವುದೇ ಆ ಮಹಾಮಂಡಳದ ಕೆಲಸ. ಮಾರ್ಚ್ ಮುಗಿಯುತ್ತಿತ್ತು, ಅನುದಾನ ಉಳಿದಿತ್ತು, ಕೋಟೆಯಿಲ್ಲದ ದೇವರು ಬೇರೆ ಯಾರೂ ಸಿಕ್ಕಿರಲಿಲ್ಲ.

ಗುತ್ತಿಗೆ ದೊರೆತದ್ದು ದೇವಸ್ಥಾನ ಕಮಿಟಿಯ ಅಧ್ಯಕ್ಷರೂ ಊರಿನ ದೊಡ್ಡ ಹಿಡುವಳಿದಾರರೂ ಆದ ಕಲ್ಯಾಣಪ್ಪನವರ ಅಳಿಯ ಶೈಲೇಶನಿಗೆ. ಸ್ಪರ್ಧೆ ನ್ಯಾಯಯುತವಾಗಿರಲೆಂದು ಕಲ್ಯಾಣಪ್ಪನವರು ತಮ್ಮ ಹೆಂಡತಿಯ ಹೆಸರಿನಲ್ಲೂ ಒಂದು ಟೆಂಡರ್ ಹಾಕಿಸಿದ್ದರು. ನಕ್ಷೆ ಮತ್ತು ನಿಯಮಾವಳಿಯನ್ನು ಮರುದಿನವೇ ಕೊಡಬೇಕಿತ್ತು. ಶೈಲೇಶ ತಾನು ಮೊಬೈಲಿನಲ್ಲಿ ಆಡುವ ಯುದ್ಧದ ಆಟದಿಂದ ಎರಡನ್ನೂ ಎತ್ತಿಕೊಂಡು, ಮರಾಠಿಗೆ ಅನುವಾದ ಮಾಡಿಸಿ ಸಲ್ಲಿಸಿದ. ಆ ಆಟ ನಡೆಯುವುದು ಎಲ್ಲೂ ಇಲ್ಲದ ಒಂದು ಲೋಕದಲ್ಲಿ. ಅಲ್ಲಿ ಪ್ರತಿ ಗುಡಿಯೂ ಕೋಟೆ, ಪ್ರತಿ ಪೂಜಾರಿಯೂ ದಂಡನಾಯಕ, ಆಕಾಶದಲ್ಲಿ ಇಬ್ಬರು ಚಂದ್ರರು. ಮಹಾಮಂಡಳವು ಕಡತವನ್ನು ಓದದೆ, ಕೂಲಂಕಷವಾಗಿ ಪರಿಶೀಲಿಸಿ, ಮಂಜೂರು ಮಾಡಿತು.

ಕೋಟೆ ಎದ್ದಿತು. ಬುರುಜುಗಳು, ಕಬ್ಬಿಣದ ಬಾಗಿಲು, ಬಾಣ ಬಿಡುವ ಕಿಂಡಿಗಳು ಎಲ್ಲವೂ ಬಂದವು. ಉದ್ಘಾಟನೆಯ ದಿನ ಮರೆಪ್ಪ ಒಳಗೆ ಪೂಜೆಯಲ್ಲಿದ್ದಾಗಲೇ ಬಾಗಿಲು ಮುಚ್ಚಿ, ಧ್ವನಿವರ್ಧಕದಲ್ಲಿ ಪ್ರಕಟಣೆ ಹೊರಡಿಸಲಾಯಿತು:

“ಸಮಸ್ತ ಭಕ್ತರಿಗೆ ತಿಳಿಯಪಡಿಸುವುದೇನೆಂದರೆ, ಎರಡೂ ಚಂದ್ರರು ಕೂಡಿ ಉದಯಿಸಿದ ದಿನ ಮಾತ್ರ ದರ್ಶನವಿರುತ್ತದೆ. ದಂಡನಾಯಕರಾದ ಪೂಜಾರಿಯವರು ತಾವಾಗಿ ಹೊರಬಂದಲ್ಲಿ ಕೋಟೆ ಪತನವಾಯಿತೆಂದು ಭಾವಿಸಿ ಅನುದಾನ ಹಿಂಪಡೆಯಲಾಗುವುದು. ಸಹಕರಿಸಬೇಕು.”

ಜನ ತಲೆಯೆತ್ತಿ ಆಕಾಶ ನೋಡಿದರು. ಆಮೇಲೆ ಸಹಕರಿಸಿದರು.

ಮರೆಪ್ಪನ ಹೆಂಡತಿ ರೇವಮ್ಮ ಮಾತ್ರ ನೆಟ್ಟಗೆ ಕಲ್ಯಾಣಪ್ಪನವರ ಮನೆಗೆ ಹೋದಳು.

“ಮಾಲಕ್ರ, ನಮ್ಮ ಮನ್ಯಾವ್ರನ್ನ ಯಾವಾಗ ಬಿಡ್ತೀರಿ?”

“ಎರಡೂ ಚಂದ್ರ ಹುಟ್ಟಲಿ, ರೇವಮ್ಮ.”

“ಇರೂದ ಒಂದ ಐತಲ್ರಿ.”

“ಇನ್ನೊಂದಕ್ಕ ಪ್ರಸ್ತಾವ ಕಳಿಸೀವಿ. ಮ್ಯಾಲಿಂದ ಬರಬೇಕು.”

ಅಂದಿನಿಂದ ರೇವಮ್ಮ ಬುಟ್ಟಿಗೆ ಹಗ್ಗ ಕಟ್ಟಿ ಗೋಡೆಯಾಚೆ ರೊಟ್ಟಿ ಕಳಿಸತೊಡಗಿದಳು. ಮರೆಪ್ಪ ಬುರುಜಿನ ಮೇಲೆ ನಿಂತು ಬುಟ್ಟಿ ಎಳೆದುಕೊಳ್ಳುತ್ತಿದ್ದ.

“ಕುರಿ ಹ್ಯಾಂಗದಾವ?” ಎಂದು ಕೇಳುತ್ತಿದ್ದ.

“ಮರಿಗೊಳು ಸೊರಗ್ಯಾವ. ಹಣಿಗಿ ದ್ಯಾವರ ಭಂಡಾರ ಹಚ್ಚದ ದೂರ ಮೇಸಾಕ ಹ್ಯಾಂಗ ಒಯ್ಯಲಿ?”

ಒಂದು ದಿನ ಅವನು ಮೇಲಿನಿಂದಲೇ ಭಂಡಾರ ತೂರಿದ. ಗಾಳಿ ಬೇರೆ ಕಡೆಗಿತ್ತು. ಆ ಅರಿಸಿನಪುಡಿಯೆಲ್ಲ ಕಲ್ಯಾಣಪ್ಪನವರ ಹೊಸ ಕಾರಿನ ಮೇಲೆ ಬಿತ್ತು. ಕಾರು ಇಂದಿಗೂ ಆರೋಗ್ಯವಾಗಿದೆ. ಮರಿಗಳಿಗೆ ಆ ಭಾಗ್ಯವಿರಲಿಲ್ಲ, ಒಂದು ಸತ್ತಿತು. ಆ ಸಂಜೆ ಬುಟ್ಟಿ ರೊಟ್ಟಿಯ ಸಮೇತ ಹಾಗೆಯೇ ಕೆಳಗಿಳಿಯಿತು.

ಉಣ್ಣದ ಗಂಡನನ್ನು ಕಂಡು ರೇವಮ್ಮ ಮರುದಿನ ಎಸ್‌ಟಿ ಬಸ್ಸು ಹತ್ತಿ ಸೋಲಾಪುರಕ್ಕೆ ಹೋದಳು. ಮಹಾಮಂಡಳದ ಅಧಿಕಾರಿ ಶ್ರದ್ಧಾ ಮೇಡಂ ಅವಳಿಗೆ ಕುರ್ಚಿ ಕೊಟ್ಟರು.

“ನಿಯಮ ಬದಲಿಸೂದು ಶಕ್ಯ ಇಲ್ಲರಿ, ಮಾವಶಿ. ಮಂಜೂರ ಆಗ್ಯಾವ,” ಎಂದರು. ಆದರೆ ಮುದುಕಿಯ ಮುಖ ನೋಡಿ, ಆ ಕಚೇರಿಯ ಇತಿಹಾಸದಲ್ಲೇ ಮೊದಲ ಬಾರಿಗೆ, ಕಡತ ತೆರೆದು ಓದಿದರು. “ಭಕ್ತರಿಗೆ ಪ್ರವೇಶ ಇಲ್ಲ. ಸಂಬಂಧಿಕರಿಗೂ ಇಲ್ಲ. ಶತ್ರುಗಳಿಗೆ ಐತಿ ನೋಡ್ರಿ! ಬೇಕಾದ ದಿನ ಬಂದು ದಾಳಿ ಮಾಡಬಹುದು. ಗೆದ್ದರ ದಂಡನಾಯಕನ್ನ ಸೆರಿ ಹಿಡದು ಸಂಜಿಕ ಮನಿಗಿ ಒಯ್ಯಬಹುದು, ಮುಂಜಾನಿ ತಿರುಗಿ ಒಪ್ಪಿಸಬೇಕು. ಅನುದಾನಕ್ಕೂ ಧಕ್ಕಾ ಇಲ್ಲ. ಕೋಟೆ ಬಳಕಿದಾಗ ಐತಿ ಅಂತ ನಾವು ವರದಿ ಬರಿತೀವಿ.”

“ಶತ್ರು ಆಗಾಕ ಏನ್ ಮಾಡಬೇಕ್ರಿ?”

“ದ್ಯಾವರ ಮ್ಯಾಲ ನಿಮಗ ಏನರ ಸಿಟ್ಟು ಐತೇನು?”

ರೇವಮ್ಮ ಬಹಳ ಹೊತ್ತು ಯೋಚಿಸಿದಳು. ಹುಟ್ಟಿದಾಗಿನಿಂದ ಅವಳು ಬೀರೋಬಾನ ಮೇಲೆ ಸಿಟ್ಟಾಗಿದ್ದೇ ಇಲ್ಲ.

“ಇಷ್ಟೆಲ್ಲಾ ಆದ್ರೂ ಸುಮ್ನ ಕುಂತಾನಲ್ರಿ,” ಎಂದಳು ಕೊನೆಗೆ.

“ಸಾಕು,” ಎಂದು ಮೇಡಂ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ರೇವಮ್ಮ ತೆಂಗಿನಕಾಯಿ, ಊದಿನಕಡ್ಡಿ ಮತ್ತು ಕುರಿಹಿಂಡಿನೊಂದಿಗೆ ಕೋಟೆಗೆ ಮುತ್ತಿಗೆ ಹಾಕಿದಳು. ಬಾಗಿಲಲ್ಲಿ ಕಾವಲುಗಾರ ಸಿದ್ದಣ್ಣ ತಡೆದ.

“ಭಕ್ತರೋ, ಶತ್ರುಗಳೋ?”

“ಶತ್ರು.”

“ಹಂಗಾರ ಬರ್ರಿ. ಚಪ್ಪಲ ಹೊರಗ ಬಿಡ್ರಿ.”

ಕುರಿಗಳು ನುಗ್ಗಿದವು. ಮರೆಪ್ಪ ಪ್ರತಿರೋಧ ಒಡ್ಡದೆ ಶರಣಾದ. ನಿಯಮದಂತೆ ರೇವಮ್ಮ ಅವನ ಕೈಗಳನ್ನು ಅವನದೇ ರುಮಾಲಿನಿಂದ ಕಟ್ಟಿದಳು. ಕಟ್ಟಿದ ಕೈಯಿಂದಲೇ ಅವನು ಒಂದೊಂದು ಕುರಿಯ ಹಣೆಗೂ ಭಂಡಾರ ಹಚ್ಚಿದ.

“ಬಾಳ ಸೊರಗೀರಿ,” ಎಂದಳು ವಿಜೇತೆ.

“ನೀ ಇಷ್ಟ ತಡಾ ಮಾಡ್ದಿ,” ಎಂದ ಕೈದಿ.

ಸಂಜೆ ಅವನನ್ನು ಮೆರವಣಿಗೆಯಲ್ಲಿ ಮನೆಗೊಯ್ದು, ಬಿಸಿನೀರು ಹಾಕಿ, ಉಣ್ಣಿಸಲಾಯಿತು.

ಸುದ್ದಿ ತಿಳಿದು ಇಡೀ ಊರು ವೈರತ್ವಕ್ಕೆ ಸಾಲುಗಟ್ಟಿತು. ಕಲ್ಯಾಣಪ್ಪನವರು ಕಮಿಟಿಯ ವತಿಯಿಂದ ವೈರತ್ವ ಪ್ರಮಾಣಪತ್ರ ವಿತರಿಸಿದರು. ಶುಲ್ಕವನ್ನು ಅಳಿಯ ಸ್ವೀಕರಿಸಿದ. ಅಧ್ಯಕ್ಷರು ಮಾತ್ರ ಹುದ್ದೆಯ ಕಾರಣದಿಂದ ಕಾಯಂ ಭಕ್ತರಾದ್ದರಿಂದ ಅವರಿಗೆ ಒಳಗೆ ಪ್ರವೇಶ ದೊರೆಯಲಿಲ್ಲ. ಅವರು ಬಾಗಿಲ ಹೊರಗೆ ಅಂಗಡಿ ಹಾಕಿ ದಾಳಿಗೆ ಬೇಕಾದ ಕಾಯಿ, ಕರ್ಪೂರ ಮಾರುತ್ತಾರೆ. ಜಿಲ್ಲೆಯಲ್ಲೇ ಅತಿ ಹೆಚ್ಚು ದಾಳಿಗೊಳಗಾದ ದೇವರೆಂದು ಮಹಾಮಂಡಳ ಬೀರೋಬಾನಿಗೆ ಪ್ರಶಸ್ತಿ ನೀಡಿ, ಹೆಚ್ಚಿನ ಭದ್ರತೆಗಾಗಿ ಹೊರಗೋಡೆಯನ್ನೂ ಮಂಜೂರು ಮಾಡಿದೆ. ಆ ಕೆಲಸವೂ ಶೈಲೇಶನದೇ.

ಮೊನ್ನೆ ರೇವಮ್ಮನ ಮನೆಗೆ ದುಧನಿಯಿಂದ ರೂಪಾಲಿ ಸೊಸೆಯಾಗಿ ಬಂದಳು. ಬಂದ ಮಾರನೆಯ ದಿನವೇ ಅಮಾವಾಸ್ಯೆ.

“ಲಗೂನ ಜಳಕಾ ಮಾಡವಾ,” ಎಂದಳು ರೇವಮ್ಮ. “ದ್ಯಾವರ ಮ್ಯಾಲ ದಾಳಿಗಿ ಹೋಗೂದೈತಿ.”

ರೂಪಾಲಿ ಪೆಟ್ಟಿಗೆ ತೆರೆದು ಸ್ವಲ್ಪ ಹೊತ್ತು ನೋಡಿದಳು.

“ಅತ್ತಿ, ದಾಳಿಗಿ ಹಸರ ಸೀರಿ ನಡೀತೇತೇನ್ರಿ?”